ಸಣ್ಣ ಡಿಕ್ಕಿಗೇ ಏರ್‌ಬ್ಯಾಗ್ ತೆರೆದು ಅಮ್ಮನಿಗೆ ಪೆಟ್ಟಾಗಿದೆ. ಏರ್‌ಬ್ಯಾಗ್ ತೆಗೆಸಿಬಿಡಬಹುದಾ?

ತಿಪಟೂರಿನವಳು:

ಎಲ್ಲರಿಗೂ ನಮಸ್ಕಾರ. ಕಾರಿನ ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ. ಮನೆಯಲ್ಲಿ ದಿನಾ ಇದೇ ಮಾತು, ಒಂದು ತೀರ್ಮಾನಕ್ಕೆ ಬರಲು ಆಗುತ್ತಿಲ್ಲ.

ಮೊನ್ನೆ ಸಂಜೆ ಅರಸೀಕೆರೆ ಕಡೆಯಿಂದ ವಾಪಸ್ ಬರುತ್ತಿದ್ದೆವು. ಅಣ್ಣ ಓಡಿಸುತ್ತಿದ್ದ, ಪಕ್ಕದಲ್ಲಿ ಅಮ್ಮ, ಹಿಂದೆ ನಾನು ಮತ್ತು ನನ್ನ ನಾಲ್ಕು ವರ್ಷದ ಮಗ. ಮುಂದೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್. ಟ್ರೈಲರ್‌ಗೆ ಹಿಂದೆ ಲೈಟೂ ಇಲ್ಲ, ರೇಡಿಯಂ ಸ್ಟಿಕ್ಕರೂ ಇಲ್ಲ. ಹತ್ತಿರ ಹೋದಮೇಲೇ ಕಂಡಿದ್ದು. ಅಣ್ಣ ಬ್ರೇಕ್ ಹಾಕಿದ, ಆದರೂ ಹೋಗಿ ಗುದ್ದಿತು. ಅಂಥ ದೊಡ್ಡ ಡಿಕ್ಕಿ ಏನಲ್ಲ. ಬಾನೆಟ್ ಮಡಚಿಕೊಂಡಿದೆ, ಗಾಜು ಕೂಡ ಒಡೆದಿಲ್ಲ. ಆದರೆ ಮುಂದಿನ ಎರಡೂ ಏರ್‌ಬ್ಯಾಗ್ ತೆರೆದವು.

ಅಮ್ಮ ಐದಡಿಗೂ ಕಡಿಮೆ. ರಸ್ತೆ ಕಾಣಲಿ ಅಂತ ಸೀಟನ್ನು ಮುಂದಕ್ಕೆ ಎಳೆದುಕೊಂಡೇ ಕೂರುತ್ತಾರೆ. ಬೆಲ್ಟ್ ಹಾಕಿದ್ದರು. ಆದರೆ ತೊಡೆಯ ಮೇಲೆ ಪ್ರಸಾದದ ಸ್ಟೀಲ್ ಡಬ್ಬಿ ಇತ್ತು. ಬ್ಯಾಗ್ ಉಬ್ಬಿದ ರಭಸಕ್ಕೆ ಆ ಡಬ್ಬಿ ಎದೆಗೆ ಬಡಿದು ಗಲ್ಲದವರೆಗೆ ಹೋಯಿತು. ಕೈಯಲ್ಲಿದ್ದ ಗಾಜಿನ ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿಕೊಂಡವು. ಮುಂಗೈ ಒಳಭಾಗದ ಚರ್ಮ ಬೆಂದ ಹಾಗೆ ಕೆಂಪಾಗಿದೆ. ಒಂದು ಕಣ್ಣು ಇನ್ನೂ ಕೆಂಪಗಿದ್ದು ನೀರು ಸುರಿಯುತ್ತದೆ. ಕಾರಿನ ತುಂಬ ಬಿಳಿ ಪುಡಿ, ಪಟಾಕಿ ವಾಸನೆ. ಬೆಂಕಿ ಹತ್ತಿಕೊಂಡಿದೆ ಅಂದುಕೊಂಡು ಮಗನನ್ನು ಎತ್ತಿಕೊಂಡು ಹೊರಗೆ ಓಡಿದೆ. ಅಣ್ಣನ ಕಿವಿಯಲ್ಲಿ ಈಗಲೂ ಗುಂಯ್ ಅನ್ನುತ್ತಿದೆಯಂತೆ.

ಈಗ ಎರಡು ಪ್ರಶ್ನೆ. ಒಂದು, ಹೊಸ ಬ್ಯಾಗ್ ಹಾಕಿಸಲು ದೊಡ್ಡ ಮೊತ್ತವನ್ನೇ ಹೇಳಿದ್ದಾರೆ. ಇನ್ನೊಂದು ಗ್ಯಾರೇಜಿನವರು ‘ಬ್ಯಾಗ್ ಬೇಡ, ಮೇಲೆ ಕವರ್ ಕೂರಿಸಿ ಮೀಟರಿನಲ್ಲಿ ಏರ್‌ಬ್ಯಾಗ್ ಲೈಟ್ ಬರದ ಹಾಗೆ ಮಾಡಿಕೊಡ್ತೀವಿ’ ಅಂದರಂತೆ. ಅಣ್ಣ ಅದಕ್ಕೇ ಒಪ್ಪುವ ಹಾಗಿದ್ದಾನೆ. ‘ಬ್ಯಾಗ್ ಇಲ್ಲದಿದ್ರೆ ಅಮ್ಮನಿಗೆ ಏನೂ ಆಗ್ತಿರಲಿಲ್ಲ’ ಅನ್ನುತ್ತಾನೆ. ಇದು ನಿಜವಾ? ಎರಡನೆಯದು, ನಾನು ಮುಂದೆ ಕೂತಾಗೆಲ್ಲ ಮಗ ನನ್ನ ತೊಡೆಯ ಮೇಲೇ ಇರುತ್ತಾನೆ. ಅವತ್ತೂ ಹಾಗೇ ಕೂತಿದ್ದರೆ ಅನ್ನೋದು ತಲೆಯಿಂದ ಹೋಗುತ್ತಿಲ್ಲ.

ಕಣ್ಣಿನ ವಾರ್ಡ್, ಹುಬ್ಬಳ್ಳಿ:

ಕಾರಿನ ಮಾತು ಬಲ್ಲವರು ಹೇಳಲಿ. ನಾನು ನರ್ಸ್, ಅಮ್ಮನ ಕಣ್ಣಿನ ಬಗ್ಗೆ ಮಾತ್ರ ಬರೆಯುತ್ತೇನೆ. ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿ ಕಾಯಬೇಡಿ.

ಏರ್‌ಬ್ಯಾಗ್ ತೆರೆದಾಗ ಹಾರುವ ಪುಡಿಯಲ್ಲಿ ಕ್ಷಾರದ ಅಂಶ ಇರಬಹುದು. ಸುಣ್ಣ ಕಣ್ಣಿಗೆ ಬಿದ್ದ ಹಾಗೆ ಅದು. ಕ್ಷಾರ ಮೇಲೆ ಸುಟ್ಟು ನಿಲ್ಲುವುದಿಲ್ಲ, ಒಳಕ್ಕೆ ಇಳಿಯುತ್ತದೆ. ಇನ್ನು ಮುಂದೆ ಯಾರಿಗೇ ಹೀಗಾದರೂ ಮೊದಲ ಕೆಲಸ ನೀರು. ಕುಡಿಯುವ ನೀರಿನ ಬಾಟಲಿ ಸಾಕು, ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷವಾದರೂ ಸುರಿಯುತ್ತಲೇ ಇರಬೇಕು. ಉಜ್ಜಬಾರದು. ಕೈ ಕೆಂಪಾಗಿದ್ದರೂ ಅಷ್ಟೇ, ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಪುಡಿಗಿಂತ ದೊಡ್ಡ ಭಯ ಬ್ಯಾಗ್ ಬಡಿದ ಪೆಟ್ಟಿನದು. ಕಣ್ಣ ಮುಂದೆ ಕಪ್ಪು ಚುಕ್ಕೆ ಹಾರಾಡಿದರೆ, ಮಿಂಚಿದ ಹಾಗಾದರೆ, ಒಂದು ಕಡೆ ಪರದೆ ಎಳೆದ ಹಾಗಾದರೆ ರೆಟಿನಾಗೆ ಏಟಾಗಿರಬಹುದು. ಆಗ ಒಂದು ದಿನವೂ ಕಾಯುವ ಹಾಗಿಲ್ಲ.

ಅಣ್ಣನನ್ನೂ ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿ. ಬ್ಯಾಗ್ ತೆರೆಯುವ ಸದ್ದು 160 ಡೆಸಿಬೆಲ್ ದಾಟುವುದುಂಟು. ಬಹಳ ಜನರಿಗೆ ತಾನಾಗಿ ಸರಿಹೋಗುತ್ತದೆ, ಆದರೆ ಕೇಳಿಸುವುದು ಕಡಿಮೆಯಾಗಿದ್ದರೆ ಔಷಧ ಬೇಗ ಶುರುವಾಗಬೇಕು. ಅಮ್ಮನ ಎದೆಗೆ ಎಕ್ಸ್‌ರೇ ಮತ್ತು ಇಸಿಜಿ ಆಗಿದೆಯಾ? ವಯಸ್ಸಾದವರ ಎದೆಮೂಳೆ ಸಣ್ಣ ಪೆಟ್ಟಿಗೂ ಬಿರುಕು ಬಿಡುತ್ತದೆ.

ಬಾಡಿ ಶಾಪ್, ದಾವಣಗೆರೆ:

ಅಕ್ಕಾ, ನರ್ಸ್ ಮೇಡಂ ಹೇಳಿದ್ದು ಮೊದಲು ಮಾಡಿ. ಕಾರು ಒಂದು ತಿಂಗಳು ನಿಂತರೂ ಪರವಾಗಿಲ್ಲ.

ನಾನು ಡಿಕ್ಕಿಯಾದ ಕಾರುಗಳನ್ನೇ ರಿಪೇರಿ ಮಾಡುವವನು. ಬ್ಯಾಗ್ ಇಲ್ಲದಿದ್ದರೆ ಏನೂ ಆಗ್ತಿರಲಿಲ್ಲ ಅನ್ನುವ ಮಾತನ್ನು ಯಾರೂ ಹೇಳಲಾರರು. ಬ್ಯಾಗಿಗೆ ತೀರಾ ಹತ್ತಿರ ಕೂತಿದ್ದಕ್ಕೆ, ಮಧ್ಯೆ ಡಬ್ಬಿ ಇದ್ದಿದ್ದಕ್ಕೆ ಪೆಟ್ಟು ಜಾಸ್ತಿಯಾಯಿತು ಅಂದರೆ ಅದು ನಿಜ. ಎರಡೂ ಬೇರೆ ಬೇರೆ ಮಾತು. ನಿಮ್ಮ ಅಣ್ಣ ಎರಡನ್ನೂ ಒಂದೇ ಮಾಡುತ್ತಿದ್ದಾರೆ.

ಬ್ಯಾಗಿನ ಹಿಂದೆ ಇನ್‌ಫ್ಲೇಟರ್ ಅಂತ ಒಂದು ಲೋಹದ ಡಬ್ಬಿ ಇರುತ್ತದೆ. ಅದರೊಳಗೆ ಪಟಾಕಿ ಮದ್ದಿನಂಥ ಗುಳಿಗೆಗಳು. ಡಿಕ್ಕಿಯಾದ ತಕ್ಷಣ ಅವು ಉರಿದು ಗ್ಯಾಸ್ ಆಗಿ ಬ್ಯಾಗನ್ನು ತುಂಬಿಸುತ್ತವೆ. ಎಲ್ಲ ಮುಗಿಯುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ. ರೆಪ್ಪೆ ಬಡಿಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಬಟ್ಟೆ ಹೊರಗೆ ನುಗ್ಗುವ ವೇಗ ಗಂಟೆಗೆ 300 ಕಿ.ಮೀ. ಮುಟ್ಟಬಹುದು. ಬ್ಯಾಗ್ ಪೂರ್ತಿ ಉಬ್ಬಿ, ಹಿಂದಿನ ತೂತುಗಳಿಂದ ಗ್ಯಾಸ್ ಬಿಡುತ್ತಾ ಮೆತ್ತಗಾಗುವಾಗ ನಾವು ಹೋಗಿ ತಾಗಿದರೆ ಅದು ನಮ್ಮನ್ನು ಕಾಪಾಡುತ್ತದೆ. ಇನ್ನೂ ಉಬ್ಬುತ್ತಿರುವಾಗಲೇ ನಾವು ಅದರ ಮೇಲಿದ್ದರೆ ಅದೇ ಹೊಡೆಯುತ್ತದೆ. ಹೊಡೆತ ಅತಿ ಜೋರಾಗಿರುವುದು ಮೊದಲ 5–8 ಸೆಂ.ಮೀ. ಒಳಗೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸ್ಟೇರಿಂಗ್ ಮಧ್ಯದಿಂದ ಎದೆಮೂಳೆಗೆ 25 ಸೆಂ.ಮೀ. ಬಿಡಿ ಅನ್ನುವುದು ಇದಕ್ಕೇ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಸಣ್ಣ ಡಿಕ್ಕಿ ಅಂದಿರಿ. ಗಂಟೆಗೆ ಸುಮಾರು 20–25 ಕಿ.ಮೀ. ವೇಗದಲ್ಲಿ ಗಟ್ಟಿ ಗೋಡೆಗೆ ಗುದ್ದಿದಷ್ಟು ಪೆಟ್ಟಿಗೆ ಬ್ಯಾಗ್ ತೆರೆಯಬಹುದು. ಟ್ರೈಲರ್‌ನ ಕಬ್ಬಿಣದ ಚಾಸಿ ಗೋಡೆಗಿಂತ ಮೆತ್ತಗೇನಿಲ್ಲ.

ಬ್ಯಾಗೇ ಜೀವ ತೆಗೆದದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ 1990ರಿಂದ 2008ರವರೆಗೆ ಕಡಿಮೆ ವೇಗದ ಡಿಕ್ಕಿಗಳಲ್ಲಿ ಮುಂದಿನ ಏರ್‌ಬ್ಯಾಗಿನ ಪೆಟ್ಟಿಗೇ 290ಕ್ಕೂ ಜಾಸ್ತಿ ಜನ ಸತ್ತರು. ಹೆಚ್ಚುಕಡಿಮೆ ಎಲ್ಲ 1998ಕ್ಕಿಂತ ಹಿಂದಿನ ಕಾರುಗಳು. ಆಮೇಲೆ ಬ್ಯಾಗುಗಳ ರಭಸ ಕಡಿಮೆ ಮಾಡಿದರು. ಸತ್ತವರಲ್ಲಿ ಹೆಚ್ಚಿನವರು ಬೆಲ್ಟ್ ಹಾಕದವರು, ಇಲ್ಲವೇ ಸರಿಯಾಗಿ ಹಾಕದವರು. ಡ್ರೈವರ್ ಪಕ್ಕದ ಸೀಟಿನಲ್ಲಿ ಸತ್ತವರು ಬಹುತೇಕ ಮಕ್ಕಳೇ. ಇನ್ನೊಂದು ಕಡೆ, 1987ರಿಂದ 2017ರವರೆಗೆ ಏರ್‌ಬ್ಯಾಗ್ ಅಲ್ಲಿ 50,457 ಜೀವ ಉಳಿಸಿದೆ ಅನ್ನುವುದು ಎನ್‌ಎಚ್‌ಟಿಎಸ್‌ಎ ಅಂದಾಜು. ಹಾಗಾಗಿ ತೆಗೆಸಿ ಅಂತ ನಾನು ಯಾರಿಗೂ ಹೇಳಲ್ಲ. ಅದಕ್ಕೆ ಜಾಗ ಬಿಡಿ ಅಂತ ಹೇಳುತ್ತೇನೆ.

ಮಗನ ವಿಷಯ. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಾರು ಟ್ಯಾಂಕರ್‌ಗೆ ಡಿಕ್ಕಿಯಾಗಿ ಏರ್‌ಬ್ಯಾಗ್ ತೆರೆಯಿತು. ಮುಂದೆ ತಾಯಿಯ ತೊಡೆಯ ಮೇಲಿದ್ದ ಎರಡು ವರ್ಷದ ಹೆಣ್ಣುಮಗು ಉಳಿಯಲಿಲ್ಲ. ಅದೇ ಡಿಸೆಂಬರ್‌ನಲ್ಲಿ ನವಿ ಮುಂಬೈನ ವಾಶಿಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಹುಡುಗ ಹೋದ. ಮುಂದಿದ್ದ ಎಸ್‌ಯುವಿ ಡಿವೈಡರ್‌ಗೆ ಗುದ್ದಿತ್ತು, ಅದು ಹಿಂದಿದ್ದ ಹುಡುಗನ ಕಾರಿಗೆ ಬಡಿದು ಬ್ಯಾಗ್ ತೆರೆದಿತ್ತು. ತೊಡೆಯ ಮೇಲಿನ ಮಗುವಿನ ತಲೆ ಸರಿಯಾಗಿ ಬ್ಯಾಗ್ ನುಗ್ಗಿ ಬರುವ ದಾರಿಯಲ್ಲೇ ಇರುತ್ತದೆ. ಹಿಂದಿನಿಂದ ದೊಡ್ಡವರ ಮೈಭಾರ ಬೇರೆ. 12 ವರ್ಷದವರೆಗೆ ಮಕ್ಕಳು ಹಿಂದಿನ ಸೀಟಿನಲ್ಲೇ ಇರಲಿ. ಹಸುಗೂಸಿನ ಹಿಮ್ಮುಖದ ಸೀಟನ್ನಂತೂ ಚಾಲೂ ಇರುವ ಏರ್‌ಬ್ಯಾಗಿನ ಮುಂದೆ ಯಾವತ್ತೂ ಇಡಬಾರದು.

ಇನ್ನು ಡ್ಯಾಶ್‌ಬೋರ್ಡ್. ಡಿಕ್ಕಿಯಾದ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿ ಬೋರಲು ಹಾಕಿದಾಗ, ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಅಂತ ಅಚ್ಚಾಗಿರುವ ಜಾಗದ ಕೆಳಗೆ ಒಂದು ಗೀರು ಕಾಣುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ಕಂಪನಿಯವರೇ ಅಲ್ಲಿ ಪ್ಲಾಸ್ಟಿಕ್ ತೆಳ್ಳಗೆ ಮಾಡಿರುತ್ತಾರೆ, ಬ್ಯಾಗ್ ಹರಿದುಕೊಂಡು ಬರಲಿ ಅಂತ. ಅದೇ ಜಾಗದಲ್ಲಿ ನಮ್ಮ ಜನ ಡಬಲ್ ಟೇಪ್ ಹಾಕಿ ಲೋಹದ ಗಣಪತಿ, ಸೆಂಟ್ ಬಾಟಲಿ, ಮೊಬೈಲ್ ಸ್ಟ್ಯಾಂಡ್ ಅಂಟಿಸುತ್ತಾರೆ. ಬ್ಯಾಗ್ ತೆರೆದರೆ ಅವೆಲ್ಲ ಎದುರಿಗೆ ಕೂತವರ ಮುಖಕ್ಕೇ ಹಾರುತ್ತವೆ. ನನಗೂ ದೇವರ ಮೇಲೆ ಭಕ್ತಿ ಇದೆ. ನನ್ನ ಕಾರಿನಲ್ಲಿ ಮಧ್ಯದ ಎಸಿ ಕಿಂಡಿಯ ಕೆಳಗೆ ಒಂದು ಪುಟ್ಟ ಕಾಗದದ ಪಟ ಇದೆ. ಸೀಟಿನಲ್ಲಿ ಸೈಡ್ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಸೀಟ್ ಕವರ್ ಹಾಕಿಸುವವರಿಗೂ ಇದೇ ಮಾತು, ಕವರ್ ಬ್ಯಾಗಿಗೆ ಅಡ್ಡವಾಗುತ್ತದೆ.

ಖಾಲಿ ಕವರ್ ಹಾಕುವ ಗ್ಯಾರೇಜಿನವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವರು ಮಾಡುವುದು ಇಷ್ಟೇ: ಬ್ಯಾಗಿನ ಕನೆಕ್ಟರ್‌ಗೆ ಒಂದು ಸಣ್ಣ ರೆಸಿಸ್ಟರ್ ಸಿಕ್ಕಿಸುತ್ತಾರೆ. ಬ್ಯಾಗ್ ಇದೆ ಅಂತ ಕಂಪ್ಯೂಟರ್ ನಂಬುತ್ತದೆ, ಲೈಟ್ ಆರುತ್ತದೆ. ನಾಳೆ ನೀವು ಕಾರು ಮಾರಿದರೆ ಕೊಂಡವರಿಗೂ ಇದು ಗೊತ್ತಾಗಲ್ಲ. ಇನ್ಶೂರೆನ್ಸ್ ಇದೆ ಅಲ್ವಾ? ಸಾಮಾನ್ಯ ಫುಲ್ ಇನ್ಶೂರೆನ್ಸ್‌ನಲ್ಲಿ ಏರ್‌ಬ್ಯಾಗಿಗೆ ಶೇ. 50 ಸವಕಳಿ ಕಳೆದು ಉಳಿದದ್ದು ಕೊಡುತ್ತಾರೆ. ಝೀರೋ ಡೆಪ್ ಇದ್ದರೆ ಆ ಕಡಿತವೂ ಇರಲ್ಲ. ಕ್ಲೇಮ್ ಮಾಡಿ, ಕಂಪನಿ ಬ್ಯಾಗನ್ನೇ ಹಾಕಿಸಿ, ಹಳೆಯ ಪಾರ್ಟು ಮತ್ತು ಬಿಲ್ಲು ಎರಡನ್ನೂ ಕೇಳಿ ನೋಡಿ. ಅರ್ಧ ಬೆಲೆಗೆ ಸಿಗುವ ಬ್ಯಾಗ್ ಬೇಡವೇ ಬೇಡ. 2024ರಲ್ಲಿ ದೆಹಲಿ ಪೊಲೀಸರು ನಕಲಿ ಏರ್‌ಬ್ಯಾಗ್ ಮಾಡುತ್ತಿದ್ದವರನ್ನು ಹಿಡಿದರು. ಹಲವು ಕಂಪನಿಗಳ ಹೆಸರಿನ ನೂರಾರು ಬ್ಯಾಗ್ ಸಿಕ್ಕವು.

ಕರಾವಳಿ ಹಳೇ ಕಾರು:

ಮಧ್ಯೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದು ಸೆಕೆಂಡ್ ಹ್ಯಾಂಡ್ ಸೆಡಾನ್, 2010ರ ಮಾಡೆಲ್. ಮಂಗಳೂರಿನಲ್ಲಿ ವರ್ಷವಿಡೀ ಬಯಲಲ್ಲೇ ನಿಲ್ಲುತ್ತದೆ. ಹಳೆಯ ಕಾರುಗಳ ಏರ್‌ಬ್ಯಾಗ್ ಬಾಂಬಿನ ಹಾಗೆ ಸಿಡಿಯುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂತು. ಸುಳ್ಳೋ ನಿಜವೋ?

ಬಾಡಿ ಶಾಪ್, ದಾವಣಗೆರೆ:

ಅಣ್ಣಾ, ಇದು ನಿಜ. ಆದರೆ ಎಲ್ಲ ಕಾರಿಗೂ ಅಲ್ಲ. ಜಪಾನಿನ ತಕಾಟ ಕಂಪನಿಯ ಇನ್‌ಫ್ಲೇಟರ್ ಇರುವ ಕಾರುಗಳ ಕಥೆ ಅದು. ಅವರು ಅಮೋನಿಯಂ ನೈಟ್ರೇಟ್ ಗುಳಿಗೆ ಹಾಕುತ್ತಿದ್ದರು. ತುಂಬಾ ಇನ್‌ಫ್ಲೇಟರ್‌ಗಳಲ್ಲಿ ತೇವ ಹೀರುವ ಪುಡಿ ಇರಲಿಲ್ಲ. ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದ ಗುಳಿಗೆ ಹಾಳಾಗುತ್ತದೆ. ಆಮೇಲೆ ಡಿಕ್ಕಿಯಾದಾಗ ಉರಿಯಬೇಕಾದ್ದಕ್ಕಿಂತ ಬೇಗ ಉರಿದು ಲೋಹದ ಡಬ್ಬಿಯನ್ನೇ ಸೀಳುತ್ತದೆ. ಚೂರುಗಳು ಬಟ್ಟೆ ಹರಿದು ಕುತ್ತಿಗೆಗೆ, ಮುಖಕ್ಕೆ ಬರುತ್ತವೆ. 2014ರಲ್ಲಿ ಮಲೇಷ್ಯಾದಲ್ಲಿ ಒಬ್ಬ ಗರ್ಭಿಣಿ ಹೀಗೆ ಸತ್ತರು. ಅಮೆರಿಕದಲ್ಲಿ ಸತ್ತವರು 25ಕ್ಕೂ ಜಾಸ್ತಿ. 2001–2003ರ ಕೆಲವು ಹೋಂಡಾ, ಅಕ್ಯುರಾ ಕಾರುಗಳಲ್ಲಿ ಸಿಡಿಯುವ ಸಾಧ್ಯತೆ ಶೇ. 50ರವರೆಗೂ ಇದೆ ಅಂತ ಎನ್‌ಎಚ್‌ಟಿಎಸ್‌ಎ ಎಚ್ಚರಿಸಿತ್ತು. ತಕಾಟ 2017ರಲ್ಲಿ ದಿವಾಳಿಯಾಯಿತು. ನಮ್ಮ ದೇಶದಲ್ಲೂ ರೀಕಾಲ್ ಆಗಿದೆ, ಅಂದರೆ ದೋಷದ ಪಾರ್ಟು ಬದಲಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಸುವುದು. ಹೋಂಡಾ 2016ರಲ್ಲಿ ಒಂದೇ ಸಲ ಸುಮಾರು 1.9 ಲಕ್ಷ ಕಾರುಗಳನ್ನು ಕರೆಸಿತ್ತು.

ನಿಮ್ಮದು ಕರಾವಳಿ, ಸೆಕೆ ಮತ್ತು ತೇವ ಎರಡೂ ಇರುವ ಊರು. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಾರು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲವೇ ಶೋರೂಮಿಗೆ ಹೋಗಿ ಕೇಳಿ. ರೀಕಾಲ್‌ನಲ್ಲಿ ಬದಲಾಯಿಸಿದರೆ ದುಡ್ಡು ಕೊಡುವ ಹಾಗಿಲ್ಲ. ಸೆಕೆಂಡ್ ಹ್ಯಾಂಡ್‌ನವರಿಗೆ ಪತ್ರ ಹಳೆಯ ಮಾಲೀಕನ ವಿಳಾಸಕ್ಕೆ ಹೋಗಿರುತ್ತದೆ, ಅದಕ್ಕೇ ಎಷ್ಟೋ ಕಾರು ಹಾಗೇ ಉಳಿದುಬಿಡುತ್ತವೆ. ಇನ್ನೊಂದು: ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಕೆಲವು ಸೆಕೆಂಡ್ ಉರಿದು ಆರಬೇಕು. ಉರಿಯುತ್ತಲೇ ಇದ್ದರೂ ತಪ್ಪು, ಉರಿಯದೇ ಇದ್ದರೂ ತಪ್ಪು.

ತಿಪಟೂರಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ಕಾರ್ನಿಯಾ ಮೇಲೆ ಗೀರಿದೆಯಂತೆ, ಔಷಧ ಕೊಟ್ಟಿದ್ದಾರೆ, ವಾಸಿಯಾಗುತ್ತದೆ ಅಂದರು. ಎದೆಮೂಳೆಗೆ ಏನೂ ಆಗಿಲ್ಲ. ಅಣ್ಣನಿಗೆ ಇದೆಲ್ಲ ಓದಿ ಹೇಳಿದೆ, ಕ್ಲೇಮ್ ಹಾಕಲು ಒಪ್ಪಿದ್ದಾನೆ. ಒಂದೇ ತೊಂದರೆ. ಹಿಂದೆ ಕೂತರೆ ಅಮ್ಮನಿಗೆ ವಾಂತಿ ಬರುತ್ತದೆ. ಮುಂದೆ ಕೂರಿಸಲೇಬೇಕು. ಮತ್ತೆ ಮಗನಿಗೆ ಸೀಟ್ ಕೊಳ್ಳಬೇಕು, ಏನು ನೋಡಿ ಕೊಳ್ಳಲಿ?

ಬಾಡಿ ಶಾಪ್, ದಾವಣಗೆರೆ:

ಅಮ್ಮ ಮುಂದೆ ಕೂರಲಿ ಅಕ್ಕಾ. ಸೀಟು ಪೂರ್ತಿ ಹಿಂದಕ್ಕೆ ತಳ್ಳಿ. ಎತ್ತರ ಮಾಡುವ ಲಿವರ್ ಇದ್ದರೆ ಎತ್ತರಿಸಿ, ರಸ್ತೆ ಕಾಣುತ್ತದೆ. ದಪ್ಪ ದಿಂಬು ಹಾಕಬೇಡಿ, ಡಿಕ್ಕಿಯಲ್ಲಿ ದಿಂಬು ಜಾರಿ ಬೆಲ್ಟ್ ಹೊಟ್ಟೆಗೆ ಬರುತ್ತದೆ. ಬೆಲ್ಟ್ ಭುಜದ ಮೇಲೇ ಇರಬೇಕು, ಕಂಕುಳ ಕೆಳಗಲ್ಲ. ಬೆನ್ನು ಒರಗಿರಲಿ, ಕಾಲು ಕೆಳಗಿರಲಿ, ತೊಡೆ ಖಾಲಿ ಇರಲಿ. ಡಬ್ಬಿ, ಚೀಲ ಎಲ್ಲ ಕಾರಿನ ಹಿಂದೆ ಸಾಮಾನು ಇಡುವ ಬೂಟ್‌ನಲ್ಲಿ ಇಡಿ.

ಮಗನಿಗೆ ಐದು ಕಡೆ ಬೆಲ್ಟ್ ಇರುವ ಮುಂಬದಿ ಮುಖದ ಸೀಟು. ಅವನ ತೂಕ, ಎತ್ತರ ಅಳೆದುಕೊಂಡು ಹೋಗಿ, ಸೀಟಿನ ಮೇಲೆ ಎಷ್ಟರವರೆಗೆ ಅಂತ ಬರೆದಿರುತ್ತದೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೆ 2019ರ ತಿದ್ದುಪಡಿ ಪ್ರಕಾರ 1,000 ರೂಪಾಯಿ ದಂಡ ಇದೆ, ಹಿಡಿಯುವವರು ಕಡಿಮೆ ಅಷ್ಟೇ. ಕೊಳ್ಳುವ ಮುಂಚೆ ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿ ನೋಡಿ. ಗಟ್ಟಿ ಕಬ್ಬಿಣದ ಎರಡು ಕೊಂಡಿ ಸಿಕ್ಕರೆ, ಅವಕ್ಕೆ ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಸೀಟು ತಗೊಳ್ಳಿ. ಸಿಗದಿದ್ದರೆ ಕಾರಿನ ಬೆಲ್ಟಿನಿಂದಲೇ ಕಟ್ಟುವಂಥದ್ದು ಬರುತ್ತದೆ, ಅದೂ ಆಗುತ್ತದೆ. ಕಟ್ಟಿದ ಮೇಲೆ ಬುಡದಲ್ಲಿ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಅಲುಗಿದರೆ ಬಿಚ್ಚಿ ಮತ್ತೆ ಕಟ್ಟಿ.