ಅವ್ವನ ಹಿಮ್ಮಡಿಯ ಗಂಟು: ಗಾಯದ ಕಲೆಯೋ, ಮೆಲನೋಮವೋ? ಅನುಭವ ಇದ್ದವರು ತಿಳಿಸಿ

ಕೇಳಿದವರು, ಆಳಂದ ತಾಲ್ಲೂಕು

ನಮ್ಮ ಅವ್ವನಿಗೆ 61 ವರ್ಷ. ತೊಗರಿಯ ಕೂಳೆ ಚುಚ್ಚಿದ ಜಾಗದಲ್ಲಿ, ಎಡಗಾಲಿನ ಹಿಮ್ಮಡಿಯ ಮೇಲೆ, ಎರಡು ವರ್ಷದ ಹಿಂದೆ ಗಂಟಾಯಿತು. ಆಣಿ ಎಂದು ತಿಳಿದು ಕಾರ್ನ್ ಕ್ಯಾಪ್ ಹಚ್ಚಿದೆವು, ಒಮ್ಮೆ ಬ್ಲೇಡಿನಿಂದ ಕೆತ್ತಿಸಿದೆವು. ಈಗ ಅದರ ಸುತ್ತ ಕಪ್ಪು ಹರಡಿದೆ. ಬಯಾಪ್ಸಿ ವರದಿಯಲ್ಲಿ ‘ಸ್ಪಿಂಡಲ್ ಸೆಲ್ ಗಡ್ಡೆ, ಡೆಸ್ಮೋಪ್ಲಾಸ್ಟಿಕ್ ಮೆಲನೋಮ ಇರಬಹುದು’ ಎಂದಿದೆ, ಅಂದರೆ ಉದ್ದನೆಯ ಕೋಶಗಳ ಗಡ್ಡೆ, ಕಲೆಯಂತೆ ನಾರುಗಟ್ಟುವ ಒಂದು ಬಗೆಯ ಚರ್ಮದ ಕ್ಯಾನ್ಸರ್ ಇರಬಹುದಂತೆ. ಆನಂತರ ಮಾಡಿಸಿದ ಐಎಚ್‌ಸಿಯಲ್ಲಿ (ಚೂರಿಗೆ ಬಣ್ಣ ಹಾಕಿ ಕೋಶಗಳ ಗುರುತು ಪತ್ತೆ ಮಾಡುವ ಪರೀಕ್ಷೆ) ಎಸ್-100 ಎಂಬ ಗುರುತು ಪಾಸಿಟಿವ್, ಎಚ್‌ಎಂಬಿ-45 ಎಂಬುದು ನೆಗೆಟಿವ್ ಬಂದಿದೆ. ಒಬ್ಬ ವೈದ್ಯರು ಹಳೆಯ ಗಾಯದ ಕಲೆ ಎನ್ನುತ್ತಾರೆ, ಇನ್ನೊಬ್ಬರು ಕ್ಯಾನ್ಸರ್ ಎನ್ನುತ್ತಾರೆ. ಯಾವುದನ್ನು ನಂಬಬೇಕು?

ಉತ್ತರ, ಕಲಬುರಗಿ

ಅಕ್ಕಾವರೇ, ನಾನು ವೈದ್ಯನಲ್ಲ. ಸೋದರಮಾವನ ಫೈಲು ಹಿಡಿದುಕೊಂಡು ಒಂದು ವರ್ಷ ಓಡಾಡಿದವನು. ಅವರ ಅಂಗಾಲಿನದ್ದೂ ಹೆಚ್ಚುಕಡಿಮೆ ಇದೇ ಕಥೆ, ಮತ್ತು ಆರಂಭದಲ್ಲಿ ನಾವು ಮಾಡಿದ ತಪ್ಪೂ ಇದೇ ಆಗಿತ್ತು: ಎರಡು ಅಭಿಪ್ರಾಯಗಳಲ್ಲಿ ಮನಸ್ಸಿಗೆ ಹಿತವಾದದ್ದನ್ನು ಆರಿಸಿಕೊಂಡು ಏಳು ತಿಂಗಳು ಸುಮ್ಮನಿದ್ದೆವು.

ನಿಮ್ಮ ವರದಿಯಲ್ಲಿ ಪಾಸಿಟಿವ್ ಮತ್ತು ನೆಗೆಟಿವ್ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಈ ಉಪವಿಧದಲ್ಲಿ ಅದು ವಿಚಿತ್ರವಲ್ಲ. ಸಾಮಾನ್ಯ ಮೆಲನೋಮದಲ್ಲಿ ಎಚ್‌ಎಂಬಿ-45 ಮತ್ತು ಮೆಲನ್-ಎ ಹೆಚ್ಚಾಗಿ ಪಾಸಿಟಿವ್ ಬರುತ್ತವೆ. ಡೆಸ್ಮೋಪ್ಲಾಸ್ಟಿಕ್‌ನಲ್ಲಿ ಈ ಎರಡೂ ಬಹುಪಾಲು ನೆಗೆಟಿವ್ ಇದ್ದು, ಎಸ್-100 ಮತ್ತು ಸಾಕ್ಸ್-10 ಮಾತ್ರ ಪಾಸಿಟಿವ್ ಇರುತ್ತವೆ. ಆದ್ದರಿಂದ ಎಚ್‌ಎಂಬಿ-45 ನೆಗೆಟಿವ್ ಎಂಬ ಒಂದೇ ಸಾಲನ್ನು ನೋಡಿ ಕ್ಯಾನ್ಸರ್ ಇಲ್ಲ ಎನ್ನಲು ಬರುವುದಿಲ್ಲ. ಹಾಗೆಂದು ಕಲೆ ಎಂದ ವೈದ್ಯರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಕೆತ್ತಿ ವಾಸಿಯಾದ ಗಾಯದ ಕಲೆಯಲ್ಲಿಯೂ ಎಸ್-100 ಪಾಸಿಟಿವ್ ಆದ ಉದ್ದನೆಯ ಕೋಶಗಳು ಕೆಲವು ಇರುತ್ತವೆ, ಮತ್ತು ನಿಮ್ಮ ಅವ್ವನ ಹಿಮ್ಮಡಿಯನ್ನು ಬ್ಲೇಡಿನಿಂದ ಕೆತ್ತಿಸಲಾಗಿದೆ. ಈ ಕಾರಣಕ್ಕೇ ಸಾಕ್ಸ್-10 ಮಾಡಿಸಿದ್ದಾರೆಯೇ ಎಂದು ಕೇಳಿರಿ. ನಮ್ಮ ಮಾವನ ಪ್ರಕರಣದಲ್ಲಿ ಗೊಂದಲ ಬಗೆಹರಿದದ್ದು ಅದರಿಂದ, ಜೊತೆಗೆ ಆಳದಲ್ಲಿ ಅಲ್ಲಲ್ಲಿ ಗುಂಪುಗೂಡಿದ್ದ ಬಿಳಿರಕ್ತಕಣಗಳಿಂದ.

ಇನ್ನೊಂದು ಪ್ರಶ್ನೆಯನ್ನೂ ನೀವು ಕೇಳಬೇಕು. ಡೆಸ್ಮೋಪ್ಲಾಸ್ಟಿಕ್ ಮೆಲನೋಮವನ್ನು 1971ರಲ್ಲಿ ಮೊದಲು ವಿವರಿಸಿದಂದಿನಿಂದಲೂ ಅದು ಹೆಚ್ಚಾಗಿ ಬಿಸಿಲು ತಾಗುವ ತಲೆ, ಕುತ್ತಿಗೆಯ ಭಾಗದಲ್ಲಿ ಕಾಣುವಂಥದ್ದು. ಅಂಗಾಲು, ಅಂಗೈ, ಉಗುರಿನಲ್ಲಿ ಹೆಚ್ಚಾಗಿ ಬರುವುದು ಅಕ್ರಲ್ ಲೆಂಟಿಜಿನಸ್ ಎಂಬ ಬೇರೆ ವಿಧ. ಅದಕ್ಕೂ ಬಿಸಿಲಿಗೂ ಸಂಬಂಧವಿಲ್ಲ, ನಮ್ಮಂಥ ಕಪ್ಪು, ಗೋಧಿ ಬಣ್ಣದವರಲ್ಲಿ ಮೆಲನೋಮ ಬಂದರೆ ಬಹಳ ಮಟ್ಟಿಗೆ ಅದೇ ಆಗಿರುತ್ತದೆ. ಅದರ ಆಳದ ಭಾಗವೂ ಕೆಲವೊಮ್ಮೆ ಸ್ಪಿಂಡಲ್ ಕೋಶಗಳಾಗಿ ಡೆಸ್ಮೋಪ್ಲಾಸ್ಟಿಕ್‌ನಂತೆ ತೋರುತ್ತದೆ. ಹಿಮ್ಮಡಿಯ ಸುತ್ತ ಹರಡಿದ ಕಪ್ಪು ಭಾಗದಿಂದ ಚೂರು ತೆಗೆದಿದ್ದಾರೋ, ಗಂಟಿನಿಂದ ಮಾತ್ರ ತೆಗೆದಿದ್ದಾರೋ ಎಂಬುದು ಅದಕ್ಕೇ ಮುಖ್ಯ. ಗಡ್ಡೆಯ ಶೇಕಡಾ 90ಕ್ಕಿಂತ ಹೆಚ್ಚು ಭಾಗ ಡೆಸ್ಮೋಪ್ಲಾಸ್ಟಿಕ್ ಆಗಿದ್ದರೆ ಅದನ್ನು ಶುದ್ಧ ವಿಧವೆಂದೂ ಇಲ್ಲದಿದ್ದರೆ ಮಿಶ್ರವೆಂದೂ ಬರೆಯುತ್ತಾರೆ. ಶುದ್ಧ ವಿಧ ತೊಡೆಸಂದಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡುವುದು ಕಡಿಮೆಯಾದ್ದರಿಂದ ಮುಂದಿನ ಚಿಕಿತ್ಸೆಯ ಲೆಕ್ಕವೇ ಬದಲಾಗುತ್ತದೆ. ಬ್ರೆಸ್ಲೋ ದಪ್ಪ, ಅಂದರೆ ಗಡ್ಡೆ ಚರ್ಮದೊಳಗೆ ಇಳಿದಿರುವ ಆಳ, ಎಷ್ಟು ಮಿಲಿಮೀಟರ್ ಎಂಬುದೂ ವರದಿಯಲ್ಲಿ ಇರಬೇಕು. ಮೇಲ್ಪದರವನ್ನಷ್ಟೇ ಹೆರೆದು ತೆಗೆದ ಚೂರಿನಲ್ಲಿ ಅದನ್ನು ಸರಿಯಾಗಿ ಅಳೆಯಲು ಆಗುವುದಿಲ್ಲ.

ಈಗ ಮಾಡಬೇಕಾದ ಕೆಲಸ. ಪ್ರಯೋಗಾಲಯಕ್ಕೆ ಹೋಗಿ ಸ್ಲೈಡುಗಳನ್ನೂ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ, ಮತ್ತು ಬ್ಲಾಕಿನ ಮೇಲಿನ ಸಂಖ್ಯೆ ವರದಿಯ ಸಂಖ್ಯೆಗೆ ಹೊಂದುತ್ತದೆಯೇ ಎಂದು ಅಲ್ಲಿಯೇ ನಿಂತು ನೋಡಿರಿ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿಯೇ ಇದೆ, ಮೊದಲು ಅಲ್ಲಿ ತೋರಿಸಿರಿ. ನಾವು ಮುಂದೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಸ್ಲೈಡುಗಳ ಮರುಪರಿಶೀಲನೆ ಮಾಡಿಸಿದೆವು. ರಾತ್ರಿ ರೈಲಿಗೆ ಹೋಗಬಹುದು. ಮೇ ತಿಂಗಳಾಗಿತ್ತು. ಮೇಣದ ಬ್ಲಾಕನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ ಎಂದು ಪ್ರಯೋಗಾಲಯದವರು ಎಚ್ಚರಿಸಿದ್ದರಿಂದ, ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು, ರೊಟ್ಟಿಯ ಗಂಟಿನ ಪಕ್ಕದಲ್ಲಿ ಮಡಿಲಲ್ಲಿ ಇಟ್ಟುಕೊಂಡೇ ಮುಂಬಯಿ ಮುಟ್ಟಿದರು.

ಉತ್ತರ, ಬೀದರ್

ನಾನು ರೋಗಶಾಸ್ತ್ರ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿ ಕೆಲಸ ಮಾಡಿದವನು. ಮೇಲಿನವರು ಹೇಳಿದ್ದು ಸರಿಯಿದೆ, ಎರಡು ಮಾತು ಸೇರಿಸುತ್ತೇನೆ. ಬಯಾಪ್ಸಿ ಜೊತೆಗೆ ಬರುವ ಚೀಟಿಯಲ್ಲಿ ‘ಹಿಮ್ಮಡಿ, ಆಣಿ’ ಎಂದು ಎರಡೇ ಪದ ಬರೆದು ಕಳುಹಿಸುತ್ತಾರೆ. ಎಷ್ಟು ಕಾಲದಿಂದ ಇದೆ, ಎಷ್ಟು ಅಗಲ, ಕಪ್ಪು ಯಾವಾಗ ಹರಡಿತು, ಹಿಂದೆ ಕೆತ್ತಿದ್ದರೇ ಎಂಬುದು ಇಲ್ಲದಿದ್ದರೆ ಸೂಕ್ಷ್ಮದರ್ಶಕದ ಮುಂದೆ ಕುಳಿತವರು ಕಲೆ ಎಂದೇ ಓದುವ ಸಾಧ್ಯತೆ ಹೆಚ್ಚು. ಕಾಲಿನ ಫೋಟೋ ಇದ್ದರೆ ಚೀಟಿಯ ಜೊತೆಗೆ ಲಗತ್ತಿಸಿರಿ.

ಎರಡನೆಯದು ಬಣ್ಣದ ತೊಡಕು. ಐಎಚ್‌ಸಿಯಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣ ಕಂದು, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಕಂದು. ಹೆಚ್ಚು ಕಪ್ಪಾದ ಚೂರಿನಲ್ಲಿ ಯಾವುದು ಪಾಸಿಟಿವ್, ಯಾವುದು ಮೈಬಣ್ಣ ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ಅಂಥಲ್ಲಿ ಕೆಂಪು ಬಣ್ಣದ ಕ್ರೋಮೋಜೆನ್ ಬಳಸುತ್ತಾರೆ, ಇಲ್ಲವೇ ಮೊದಲು ಮೆಲನಿನ್ ಅನ್ನು ತೊಳೆದು ತೆಗೆಯುತ್ತಾರೆ. ಹೀಗೆ ಮಾಡಿದ್ದಾರೆಯೇ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಉತ್ತರ, ಶಹಾಪುರ, ಯಾದಗಿರಿ ಜಿಲ್ಲೆ

ನನ್ನ ಅನುಭವ ಉಗುರಿನದ್ದು, ಮತ್ತು ಅದು ಕ್ಯಾನ್ಸರ್ ಆಗಿರಲಿಲ್ಲ. ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಉದ್ದನೆಯ ಕಪ್ಪು ಗೀರು ಎದ್ದು ಕ್ರಮೇಣ ಅಗಲವಾಗುತ್ತಿತ್ತು. ಹಲವು ಉಗುರುಗಳಲ್ಲಿ ಇಂಥ ಗೀರುಗಳಿರುವುದು ನಮ್ಮಲ್ಲಿ ಸಾಮಾನ್ಯ. ಒಂದೇ ಉಗುರಿನಲ್ಲಿ ಅಗಲವಾಗುತ್ತಿದ್ದರೆ, ಅಥವಾ ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೆ ಇಳಿದಿದ್ದರೆ ಪರೀಕ್ಷಿಸಬೇಕು. ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯ 1886ರಲ್ಲಿ ಇದನ್ನು ಕಪ್ಪು ಉಗುರುಸುತ್ತು ಎಂದೇ ಕರೆದಿದ್ದ. ಉಗುರಿನ ಬುಡದಿಂದ ಚೂರು ತೆಗೆದರು, ಮಚ್ಚೆಯಷ್ಟೇ ಎಂದು ಬಂತು. ಮನೆಯಲ್ಲಿ ‘ಚುಚ್ಚಿದರೆ ಹರಡುತ್ತದೆ’ ಎಂದು ಹೆದರಿಸಿದವರೇ ಹೆಚ್ಚು. ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲವೆಂದು ಚರ್ಮದ ವೈದ್ಯರು ಅಜ್ಜಿಗೆ ತಾವೇ ಕುಳಿತು ವಿವರಿಸಬೇಕಾಯಿತು.

ಕೇಳಿದವರು, ಆಳಂದ ತಾಲ್ಲೂಕು

ಎಲ್ಲರಿಗೂ ಶರಣು. ನಿನ್ನೆ ಪ್ರಯೋಗಾಲಯಕ್ಕೆ ಹೋಗಿದ್ದೆ. ಸಾಕ್ಸ್-10 ಮಾಡಿಲ್ಲ. ಚೂರು ತೆಗೆದದ್ದು ಗಂಟಿನ ನಡುವಿನಿಂದ ಮಾತ್ರ, ಕಪ್ಪು ಅಂಚನ್ನು ಮುಟ್ಟಿಯೇ ಇಲ್ಲ. ಚೀಟಿಯಲ್ಲಿ ನಿಜವಾಗಿಯೂ ‘ಆಣಿ’ ಎಂದಷ್ಟೇ ಇತ್ತು. ಅವರು ಕೊಟ್ಟ ಬ್ಲಾಕಿನ ಸಂಖ್ಯೆ ವರದಿಯದಕ್ಕಿಂತ ಕೊನೆಯ ಒಂದು ಅಂಕಿಯಲ್ಲಿ ಬೇರೆಯಾಗಿತ್ತು. ತೋರಿಸಿದಾಗ ಒಳಗೆ ಹೋಗಿ ಅರ್ಧ ಗಂಟೆ ಹುಡುಕಿ, ಸರಿಯಾದದ್ದನ್ನು ತಂದುಕೊಟ್ಟರು. ಸೋಮವಾರ ಅವ್ವನನ್ನು ಕರೆದುಕೊಂಡು ಕಿದ್ವಾಯಿ ಕೇಂದ್ರಕ್ಕೆ ಹೋಗುತ್ತಿದ್ದೇವೆ. ಕಾಲಿನ ಫೋಟೋವನ್ನು, ಪಕ್ಕದಲ್ಲಿ ಸ್ಕೇಲು ಇಟ್ಟು, ಇಂದು ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ತೆಗೆದಿಟ್ಟುಕೊಂಡಿದ್ದೇನೆ.