ಚಿಕ್ಕಮ್ಮಾ, ಮದುವೆ ಮಾತು ಆಮೇಲೆ ನೋಡೋಣ

ಚಿಕ್ಕಮ್ಮಾ, ನಿಮ್ಮ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಮಾತಲ್ಲೇ ಹೇಳಿಬಿಡುತ್ತೇನೆ. ಮಗನಿಗೆ 28ನೇ ವಯಸ್ಸಿಗೆ ಆಟಿಸಂ ಅಂತ ಗೊತ್ತಾಗಿದೆ, ಆಫೀಸಿಂದ ಬಂದವನೇ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮದುವೆ ಮಾಡಿ, ಸರಿಹೋಗುತ್ತಾನೆ ಅಂತ ಮಾವ ಹೇಳಿದ್ದಾರೆ. ಅವನೂ ಈ ಗ್ರೂಪಲ್ಲೇ ಇದ್ದಾನೆ, ಅಲ್ವಾ? ಅವನು ಕೇಳಿಸಿಕೊಳ್ಳುತ್ತಾನೆ ಅಂದುಕೊಂಡೇ ಮಾತಾಡುತ್ತಿದ್ದೇನೆ.

ಬಾಗಿಲು ಹಾಕಿಕೊಳ್ಳುವುದು ಕೊಬ್ಬಲ್ಲ. ಇಡೀ ದಿನ ಎಲ್ಲರ ಕಣ್ಣಲ್ಲಿ ಕಣ್ಣಿಟ್ಟು, ನಗಬೇಕಾದಲ್ಲಿ ನಕ್ಕು, ಎಲ್ಲರ ಹಾಗೇ ಇದ್ದೇನೆ ಅಂತ ತೋರಿಸಿಕೊಳ್ಳುವುದಕ್ಕೆ ಮಾಸ್ಕಿಂಗ್ ಅಂತಾರೆ. ಅದಕ್ಕೇ ಮೈಮನಸ್ಸು ಸೋತುಹೋಗುತ್ತದೆ. ಮನೆಗೆ ಬಂದ ಮೇಲೂ "ಮುಖ ನೋಡಿ ಮಾತಾಡೋ" ಅಂದರೆ ಪಾಪ, ಅವನು ಎಲ್ಲಿಗೆ ಹೋಗಬೇಕು? ಸ್ವಲ್ಪ ಹೊತ್ತು ಬಿಟ್ಟುಬಿಡಿ.

ಆದರೆ ಒಂದರ ಮೇಲೆ ಮಾತ್ರ ಕಣ್ಣಿರಲಿ. ಹೇಗಿದ್ದೀಯಾ ಅಂದರೆ "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತಾನೆ. ತನಗೇನು ಅನಿಸುತ್ತಿದೆ ಅಂತ ಹೆಸರಿಟ್ಟು ಹೇಳುವುದು ಆಟಿಸಂ ಇರುವ ಎಷ್ಟೋ ಜನಕ್ಕೆ ಕಷ್ಟ. ನಮ್ಮ ಮಗಳೂ ಹಾಗೇ. ಅದಕ್ಕೆ ನಿದ್ದೆ ಬಂತಾ, ಊಟ ಮಾಡಿದೆಯಾ ಅಂತ ಬಿಡಿಬಿಡಿಯಾಗಿ ಕೇಳಿ. ಅವನ ಆ ರೈಲಿನ ಹುಚ್ಚು ಇದೆಯಲ್ಲ, ಅದನ್ನೂ ಬಿಟ್ಟುಬಿಟ್ಟರೆ, ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸವೂ ಆಗದಿದ್ದರೆ, ತಡ ಮಾಡದೆ ಮನೋವೈದ್ಯರ ಹತ್ತಿರ ಹೋಗಿ. ಆಟಿಸಂ ಇದೆ ಅಂತ ಮೊದಲೇ ಹೇಳಿ. ಹೆದರಿಸುತ್ತಿಲ್ಲ, ಆದರೆ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ದೊಡ್ಡವರಾದ ಮೇಲೆ ಆಸ್ಪರ್ಗರ್, ಅಂದರೆ ಆಟಿಸಂನದೇ ಒಂದು ರೂಪ, ಇದೆ ಅಂತ ಗೊತ್ತಾದ 374 ಜನರನ್ನು ಕೇಳಿದಾಗ, 66% ಜನ ಆತ್ಮಹತ್ಯೆಯ ಯೋಚನೆ ಬಂದಿತ್ತು ಅಂದರು. 2014ರ ಅಧ್ಯಯನ ಅದು. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಅದರ ನಂಬರ್ 14416 ಬರೆದಿಟ್ಟುಕೊಳ್ಳಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವನಿಗೆ ಫೋನಲ್ಲಿ ಮಾತಾಡೋದು ಆಗದಿದ್ದರೆ ನೀವೇ ಮಾಡಿ.

ಇನ್ನು ಸ್ನೇಹಿತರ ವಿಷಯ. ಆನ್‌ಲೈನಲ್ಲಿ ರೈಲಿನ ಬಗ್ಗೆ ಮಾತಾಡುವವರು ಸ್ನೇಹಿತರೇ ಅಲ್ಲ ಅಂತ ದಯವಿಟ್ಟು ಅನ್ನಬೇಡಿ. ಡೇಮಿಯನ್ ಮಿಲ್ಟನ್ ಅಂತ ಒಬ್ಬ ಸಂಶೋಧಕರಿದ್ದಾರೆ, ಅವರಿಗೂ ಆಟಿಸಂ ಇದೆ. ಆಟಿಸಂ ಇರುವವರಿಗೆ ನಾವು ಅರ್ಥವಾಗುವುದಿಲ್ಲ ಅಂತೀವಲ್ಲ, ನಮಗೂ ಇವರು ಅರ್ಥವಾಗುವುದಿಲ್ಲ, ತೊಡಕು ಎರಡೂ ಕಡೆ ಇದೆ ಅಂತ 2012ರಲ್ಲೇ ಬರೆದರು. ಹಾಗಿರುವಾಗ ತನ್ನ ಮಾತು ಹಿಡಿಸುವವರ ಜೊತೆ ಅವನು ಹಾಯಾಗಿದ್ದರೆ ನಮಗೇನು ಕಷ್ಟ? ಹಾಂ, ಬರೀ ದುಡ್ಡು ಕೇಳಲು ನೆನಪಿಸಿಕೊಳ್ಳುವ ಗೆಳೆಯನಿದ್ದರೆ ಅದನ್ನು ನೇರವಾಗಿ ಮಾತಾಡಿ. ಹೇಳಿದ್ದನ್ನೆಲ್ಲ ಹಾಗೇ ನಂಬುವ ಹುಡುಗ ಅವನು.

ಮದುವೆ ಬೇಕಾ ಅಂತ ಅವನನ್ನು ಯಾರಾದರೂ ಕೇಳಿದ್ದೀರಾ ಮಾವ? ಬೇಕು ಅಂದರೆ ಸಂತೋಷ. ಬೇಡ ಅಂದರೂ ಅದು ಕಾಯಿಲೆಯಲ್ಲ. ಆದರೆ ಹುಡುಗಿಯಿಂದ ಮುಚ್ಚಿಟ್ಟು ಮಾಡುವ ಮದುವೆಗೆ ನಾನಂತೂ ಅಕ್ಷತೆ ಹಾಕಲು ಬರುವುದಿಲ್ಲ, ಈಗಲೇ ಹೇಳಿದ್ದೇನೆ. ಎಲ್ಲ ತಿಳಿದು ಒಪ್ಪಿದವಳ ಜೊತೆ ಬಾಳುವುದು ಸಾಧ್ಯ. ಸೂಚ್ಯವಾಗಿ ಹೇಳಿದರೆ ಅವನಿಗೆ ತಲುಪುವುದಿಲ್ಲ, ಅಷ್ಟೇ. "ಮನೇಲಿ ಹಾಲಿಲ್ಲ" ಅಂದರೆ ಹೌದು ಅಂತಾನೆ. "ಅರ್ಧ ಲೀಟರ್ ಹಾಲು ತಾ" ಅಂದರೆ ತರುತ್ತಾನೆ. ಜಗಳವಾದರೆ ಮೆಸೇಜಲ್ಲಿ ಬರೆದು ಮಾತಾಡಿಕೊಳ್ಳಲಿ, ಅದರಲ್ಲಿ ತಪ್ಪೇನಿದೆ?

ಭಾನುವಾರ ನಮ್ಮ ಮನೆಯ ಪೂಜೆಗೆ ಕರೆದುಕೊಂಡು ಬನ್ನಿ. ಮಹಡಿ ಮೇಲಿನ ರೂಮು ಖಾಲಿ ಇಟ್ಟಿರುತ್ತೇನೆ, ಗಲಾಟೆ ಜಾಸ್ತಿಯಾದರೆ ಅಲ್ಲಿಗೆ ಹೋಗಲಿ. ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ ಹೊರಟರೂ ಸರಿ. ತಮ್ಮಾ, ಬರುತ್ತೀಯೋ ಇಲ್ಲವೋ ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡು, ಕಾರಣ ಬರೆಯಬೇಕಾಗಿಲ್ಲ.