ವಿಡಿಯೊದಾಗ ಕರಿ ಪಟ್ಟಿ, ಚಷ್ಮಾದಾಗ ಬಿಳಿ ಬಳಿ, ಮಾರಿ ಹಸರ: ಲೈಟ್ ಹ್ಯಾಂಗ ಇಡಬೇಕ್ರಿ?

ಗಣಿತಮಾಸ್ತರ್_ಕಲಬುರಗಿ

ನಮಸ್ಕಾರ್ರಿ. ಎಫ್‌ಡಿಎ, ಪಿಎಸ್‌ಐ ಪರೀಕ್ಷಾಕ್ಕ ಗಣಿತ ಹೇಳಿಕೊಡೋ ವಿಡಿಯೊ ಮಾಡ್ಲತ್ತೀನಿ. ಖೋಲಿ 10×12 ಫೂಟ್, ಗ್ವಾಡಿಗಿ ಗಿಳಿಹಸರ ಬಣ್ಣ, ನೆಲಕ್ಕ ಶಹಾಬಾದಿ ಫರ್ಶಿ. ಛತ್ತಿಗಿ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಒಂದು, ಫೋನಿನ ಸುತ್ತ 10 ಇಂಚಿನ ರಿಂಗ್ ಲೈಟ್. ಬೆನ್ನ ಹಿಂದ 4×3 ಫೂಟಿನ ಬಿಳಿ ಬೋರ್ಡ್. ಆಂಡ್ರಾಯ್ಡ್ ಫೋನು, ಮುಂದಿನ ಕ್ಯಾಮೆರಾ, ಸೆಕೆಂಡಿಗಿ 30 ಫ್ರೇಮ್, ಎಲ್ಲಾ ಆಟೊ.

ವಿಡಿಯೊದಾಗ ಅಡ್ಡ ಕರಿ ಪಟ್ಟಿ ಹರೀಲತ್ತಾವ. ಚಷ್ಮಾದ ಎರಡೂ ಗಾಜಿನಾಗ ರಿಂಗ್ ಲೈಟ್ ಬಿಳಿ ಬಳಿಯಂಗ ಕೂತದ. ಮಾರಿ ಹಸರಹಸರ ಕಾಣಸ್ತದ. ಬೋರ್ಡ್ ಫಳಫಳ, ಮಾರಿ ಕರ್ರಗ. 18 ಇಂಚಿನ ರಿಂಗ್ ಲೈಟ್ ತಗೊಂಡ್ರ ಬರೋಬ್ಬರಿ ಆಗ್ತದೇನ್ರಿ?

ಫರ್ಶಿ_ಶಹಾಬಾದ್

ಈಗ ಏನೂ ತಗೋಬ್ಯಾಡ್ರಿ ಮಾಸ್ತರ. 18 ಇಂಚಿಂದು ತಂದ್ರ ಚಷ್ಮಾದಾಗಿನ ಬಳಿ ದೊಡ್ಡದಾಗ್ತದ, ಉಳಿದದ್ದು ಹಾಂಗೇ ಇರ್ತದ. ನಿಮ್ಮ ನಾಕೂ ತೊಂದರಿಗಿ ಕಾರಣ ಬ್ಯಾರೆ ಬ್ಯಾರೆ ಅವ. ಒಂದೊಂದಾಗಿ ಬಿಡಸ್ರಿ, ಪಟ್ಟಿಯಿಂದ ಸುರು.

ನಮ್ಮ ಕರೆಂಟ್ ಸೆಕೆಂಡಿಗಿ 50 ಆವರ್ತ. ಲೈಟ್ ಸೆಕೆಂಡಿಗಿ 100 ಸಲ ಏರಿಳೀತದ. ಕಣ್ಣಿಗಿ ಗೊತ್ತಾಗಂಗಿಲ್ಲ, ಆದ್ರ ಫೋನಿನ ಸೆನ್ಸರ್ ಚಿತ್ರ ಒಮ್ಮೆಲೇ ತಗೊಳಂಗಿಲ್ಲ, ಸಾಲಿನ ಮ್ಯಾಲ ಸಾಲು ಓದ್ತದ. ಶಟರ್, ಅಂದ್ರ ಒಂದೊಂದು ಫ್ರೇಮಿಗಿ ಬೆಳಕು ತಗೊಳ್ಳೋ ಹೊತ್ತು, 1/60 ಸೆಕೆಂಡ್ ಇದ್ರ ಕೆಲ ಸಾಲಿಗಿ ಬೆಳಕಿನ ಏರು ಹೆಚ್ಚು ಸಿಗ್ತದ, ಕೆಲವಕ್ಕ ಇಳಿತ. ಅದೇ ನಿಮ್ಮ ಪಟ್ಟಿ. 1/50 ಇಲ್ಲಾ 1/100 ಇಟ್ರ ಎಲ್ಲಾ ಸಾಲಿಗೂ ಪೂರಾ ಏರಿಳಿತ ಸಿಕ್ಕು ಪಟ್ಟಿ ಹೋಗ್ತಾವ. 30 ಫ್ರೇಮ್ ಇದ್ರೂ ನಡೀತದ, 25 ಫ್ರೇಮ್ ಸಿಕ್ಕರ ಇನ್ನೂ ಛಲೋ.

ಮುಂದಿನ ಕ್ಯಾಮೆರಾ ಬಿಡ್ರಿ. ಬಹಳ ಫೋನಿನಾಗ ಅದಕ್ಕ ವಿಡಿಯೊದ ಪ್ರೊ ಮೋಡ್ (ಎಲ್ಲಾ ಕೈಯಿಂದ ಹೊಂದಸೋದು) ಇರಂಗಿಲ್ಲ, ಸೆನ್ಸರೂ ಸಣ್ಣದು. ಹಿಂದಿನ ಕ್ಯಾಮೆರಾ, ಪ್ರೊ ವಿಡಿಯೊ: ಶಟರ್ 1/50, ಐಎಸ್‌ಒ (ಸೆನ್ಸರ್ ಬೆಳಕು ಎಷ್ಟ ಹಿಗ್ಗಸ್ತದ ಅನ್ನೋ ಅಂಕಿ) 100ರಿಂದ 400ರೊಳಗ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಂಗ ಬಣ್ಣ ಹೊಂದಸೋದು) ಕೈಯಿಂದ. ಪ್ರೊ ಮೋಡ್ ಇಲ್ಲಂದ್ರ ಸೆಟ್ಟಿಂಗಿನಾಗ ಆ್ಯಂಟಿ-ಫ್ಲಿಕರ್ 50 ಹರ್ಟ್ಜ್ ಅಂತ ಅದನೋ ಹುಡಕ್ರಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪುಕ್ಕಟೆ, ಆದ್ರ ಎಲ್ಲಾ ಆಂಡ್ರಾಯ್ಡಿನಾಗ ನಡೆಯಂಗಿಲ್ಲ. ಐಫೋನ್ ಇದ್ದೋರು ಕ್ಯಾಮೆರಾ ಸೆಟ್ಟಿಂಗಿನಾಗ ಪಾಲ್ ಫಾರ್ಮ್ಯಾಟ್ ಆನ್ ಮಾಡಿದ್ರ 25 ಫ್ರೇಮ್ ಬರ್ತದ.

ವೈರ್‌ಮನ್_ಯಾದಗಿರಿ

ಒಂದು ಸೇರಸ್ತೀನ್ರಿ. ಟ್ಯೂಬ್ ಮ್ಯಾಲದ, ಫ್ಯಾನ್ ಅದರ ಕೆಳಗ ತಿರಗ್ತದಂದ್ರ ಶಟರ್ ಏನೇ ಮಾಡಿದ್ರೂ ಮಾರಿ ಮ್ಯಾಲ ನೆಳ್ಳು ಬಡೀತದ. ಅದು ಕರೆಂಟಿನ ಪಟ್ಟಿ ಅಲ್ಲ, ಫ್ಯಾನಿನ ರೆಕ್ಕಿ ನೆಳ್ಳು. ಎರಡನ್ನ ಒಂದೇ ಅಂತ ತಿಳ್ಕೊಂಡು ಬಹಳ ಮಂದಿ ಕ್ಯಾಮೆರಾ ಬೈತಾರ. ಫ್ಯಾನ್ ಬಂದ್ ಮಾಡಿ ನೋಡ್ರಿ, ನೆಳ್ಳು ಹೋತಂದ್ರ ಟ್ಯೂಬನ್ನ ಫ್ಯಾನಿನ ಮಟ್ಟಕಿಂತ ಕೆಳಗ, ಗ್ವಾಡಿಗಿ ಇಳಸ್ರಿ.

ಯಾವ ಲೈಟ್ ಹೊಯ್ದಾಡ್ತದ ಅಂತ ನೋಡ್ಲಕ ಪೆನ್ಸಿಲ್ ಸಾಕು. ಉಳಿದ ಲೈಟ್ ಆರಿಸಿ, ಒಂದರ ಮುಂದ ಪೆನ್ಸಿಲ್ ಜೋರಾಗಿ ಅಲ್ಲಾಡಸ್ರಿ. ಮಬ್ಬು ಬೀಸಣಿಗಿಯಂಗ ಕಂಡ್ರ ಲೈಟ್ ಸರಿ. ಬಿಡಿಬಿಡಿ ಪೆನ್ಸಿಲ್ ಕಂಡ್ರ ಬಲ್ಬಿನೊಳಗಿನ ಡ್ರೈವರ್ (ಕರೆಂಟ್ ಹೊಂದಸೋ ಸರ್ಕಿಟ್) ಕಳಪೆ, ಆ ಬಲ್ಬ್ ಶೂಟಿಂಗಿಗಿ ಬ್ಯಾಡ. ಫೋನಿನ ಸ್ಲೋ ಮೋಷನ್‌ದಾಗ ಲೈಟನ್ನೇ ತಗದ್ರೂ ಗೊತ್ತಾಗ್ತದ. ಮತ್ತ ಎಲ್‌ಇಡಿ ಬಲ್ಬಿಗಿ ಫ್ಯಾನಿನ ರೆಗ್ಯುಲೇಟರ್ ಹಚ್ಚಿ ಬೆಳಕು ಇಳಸೋದು ದಯಮಾಡಿ ಮಾಡಬ್ಯಾಡ್ರಿ.

ಗಣಿತಮಾಸ್ತರ್_ಕಲಬುರಗಿ

1/50ಕ್ಕ ಪಟ್ಟಿ ಹೋದ್ವು. ಆದ್ರ ರಿಂಗ್ ಲೈಟ್ ಅರ್ಧಕ್ಕ ಇಳಿಸಿದ್ರ ಸಣ್ಣ ಸಣ್ಣ ಪಟ್ಟಿ ಮತ್ತ ಬರ್ಲತ್ತಾವ. ಅದು ಯುಎಸ್‌ಬಿ ಮ್ಯಾಲ ನಡೀತದ, ಅದಕ್ಕ ಯಾಕ?

ವೈರ್‌ಮನ್_ಯಾದಗಿರಿ

ಸೋವಿ ರಿಂಗ್ ಲೈಟಿನಾಗ ಬೆಳಕು ಇಳಸೋದಂದ್ರ ಎಲ್‌ಇಡಿಯನ್ನ ಭಾಳ ಲಗೂನ ಹಚ್ಚಿ ಆರಸೋದು. ಪೂರಾ ಇಟ್ರ ಆರೋದೇ ಇಲ್ಲ, ಅದಕ್ಕ ಪಟ್ಟಿ ಇಲ್ಲ. ಪೂರಾ ಇಟ್ಟೇ ದೂರ ಸರಸ್ರಿ, ಇಲ್ಲಾ ಮುಂದ ಅರಿವಿ ಕಟ್ರಿ.

ಫರ್ಶಿ_ಶಹಾಬಾದ್

ಖರೆ ಹೇಳಬೇಕಂದ್ರ ರಿಂಗ್ ಲೈಟೇ ತಗದುಬಿಡ್ರಿ. ಮಾರಿಗಿ ನೇರ ಎದುರಿನಿಂದ ಬಂದ ಬೆಳಕು ಮೂಗು, ಗಲ್ಲ, ಗದ್ದ ಎಲ್ಲಾ ಒಂದೇ ಚಪ್ಪಟಿ ಮಾಡ್ತದ. ಮೇಕಪ್ ತೋರಸೋರಿಗಿ ಅದು ಬೇಕು, ಪಾಠ ಹೇಳೋರಿಗಿ ಬ್ಯಾಡ.

ಈಗ ಹಸರ. ಛತ್ತಿನ ಟ್ಯೂಬ್ ಮೊದಲು ಗಿಳಿಹಸರ ಗ್ವಾಡಿಗಿ ಬಡೀತದ, ಅಲ್ಲಿಂದ ಹಸರಾಗಿ ನಿಮ್ಮ ಗಲ್ಲಕ್ಕ ಬರ್ತದ. ಕ್ಯಾಮೆರಾ ಅದನ್ನ ಸರಿ ಮಾಡ್ಲಕ ಹೋಗಿ ಬೋರ್ಡ್ ಗುಲಾಬಿ ಮಾಡ್ತದ. ಸಾಫ್ಟ್‌ವೇರಿನಾಗ ಇದು ಪೂರಾ ಹೋಗಂಗಿಲ್ಲ, ಯಾಕಂದ್ರ ಮಾರಿಯ ಒಂದು ಮಗ್ಗಲಿಗಿ ಅಷ್ಟೇ ಹಸರ ಇರ್ತದ. ಛತ್ತಿನ ಟ್ಯೂಬ್ ಆರಸ್ರಿ, ನಿಮ್ಮ ಎಡಬಲದ ಗ್ವಾಡಿಗಿ ಬಿಳಿ ಚಾದರ ಇಳಿಬಿಡ್ರಿ. ಬಣ್ಣ ಹಚ್ಚೋ ಮನಸಿದ್ರ ಮಾಸಲು ಬಿಳಿ, ಹೊಳಪಿಲ್ಲದ್ದು.

ಎರಡನೇ ಕಾರಣ ಬಲ್ಬಿನದ್ದೇ. ಡಬ್ಬಿ ಮ್ಯಾಲ ಸಿಆರ್‌ಐ ಅಂತ ಬರೆದಿರ್ತದ, ಆ ಬೆಳಕಿನಾಗ ಬಣ್ಣ ಎಷ್ಟ ಖರೆ ಕಾಣ್ತಾವ ಅನ್ನೋ ಅಂಕಿ. ಸಾಮಾನ್ಯ ಬಲ್ಬಿಗಿ 80, ಅದರಾಗ ಕೆಂಪು ಕಮ್ಮಿ. ಮನುಷ್ಯರ ಚರ್ಮದಾಗ ಜೀವ ಕಾಣೋದೇ ಕೆಂಪಿನಿಂದ. 90ರ ಮ್ಯಾಲಿಂದು ತಗೊಳ್ರಿ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಕರೆಂಟ್ ಸಾಮಾನಿನ ಅಂಗಡಿಗಿ ಹೋದ್ರ ವ್ಯಾಟ್ ಕೇಳಿ ಕೊಡ್ತಾರ, ಸಿಆರ್‌ಐ ನೀವೇ ಡಬ್ಬಿ ತಿರುವಿ ನೋಡಬೇಕು. ಎಲ್ಲಾ ಲೈಟಿನ ಕೆಲ್ವಿನ್ ಒಂದೇ ಇರ್ಲಿ, 4000 ಅಂದ್ರ ಎಲ್ಲಾ 4000. ಒಂದು 6500, ಒಂದು 3000 ಆದ್ರ ಅರ್ಧ ಮಾರಿ ನೀಲಿ, ಅರ್ಧ ಹಳದಿ. ಕಿಟಕಿಯೂ ಒಂದು ಲೈಟೇ, ಹಗಲಿಗಿ ಶೂಟ್ ಮಾಡಿದ್ರ ದಪ್ಪ ಪರದೆ ಹಾಕ್ರಿ. ಆಮ್ಯಾಲ ಬಿಳಿ ಹಾಳಿ ಮಾರಿ ಮುಂದ ಹಿಡಿದು ವೈಟ್ ಬ್ಯಾಲೆನ್ಸ್ ಲಾಕ್ ಮಾಡ್ರಿ. ಬ್ಯೂಟಿ ಫಿಲ್ಟರ್ ಪೂರಾ ಬಂದ್. ಅದು ಚರ್ಮ ಬೆಳ್ಳಗ ಮಾಡ್ಲಕ ಹೋಗಿ ನೀವು ಹಾಕಿದ ಲೆಕ್ಕ ಕೆಡಸ್ತದ.

ಗಣಿತಮಾಸ್ತರ್_ಕಲಬುರಗಿ

ರಿಂಗ್ ಲೈಟ್ ತಗದ್ರ ಬದಲಿಗಿ ಏನು? ಎಷ್ಟ ವ್ಯಾಟ್?

ಫರ್ಶಿ_ಶಹಾಬಾದ್

ವ್ಯಾಟ್ ಕೇಳಬ್ಯಾಡ್ರಿ, ಎಷ್ಟ ಅಗಲ ಅಂತ ಕೇಳ್ರಿ. ಲೈಟ್ ಸಣ್ಣದಿದ್ರ ಮೂಗಿನ ನೆಳ್ಳಿನ ಅಂಚು ಚೂಪು, ಕಣ್ಣಿನ ಕೆಳಗಿನ ಗೆರಿ, ಮೊಡವಿ ಎಲ್ಲಾ ಎದ್ದು ಕಾಣ್ತಾವ. ಮಾರಿಗಿಂತ ಎರಡು ಮೂರು ಪಟ್ಟು ದೊಡ್ಡ ಬೆಳಕು ಹತ್ತಿರ ಇದ್ರ ನೆಳ್ಳು ತಾನೇ ಕರಗ್ತದ. ಅದೇ ದೊಡ್ಡ ಲೈಟ್ ದೂರ ಒಯ್ದ್ರ ಮತ್ತ ಸಣ್ಣದಾದಂಗೇ.

ಮನ್ಯಾಗ ಮಾಡೋದು ಹಿಂಗ. ಮುಕ್ಕಾಲು ಇಂಚಿನ ಪಿವಿಸಿ ಪೈಪ್: 4 ಫೂಟಿನವು 2, 3 ಫೂಟಿನವು 2, ನಾಕು ಎಲ್ಬೊ. ಚೌಕಟ್ಟಿಗಿ ಬಿಳಿ ತೆಳು ದೋತರ ಒಂದೇ ಪದರ ಬಿಗಿಯಾಗಿ ಎಳೆದು ಕ್ಲಿಪ್ ಹಾಕ್ರಿ. ನೀಲಿ ಹಾಕಿದ ದೋತರ ಬ್ಯಾಡ, ಮಾರಿ ನೀಲಿ ಆಗ್ತದ. ಅದರ ಹಿಂದ ಒಂದು ಫೂಟ್ ದೂರ 4 ಫೂಟಿನ 20 ವ್ಯಾಟ್ ಬ್ಯಾಟನ್ (ಪಟ್ಟಿಯಂಥ ಟ್ಯೂಬ್ ಲೈಟ್) ಎರಡು, ಉದ್ದಕ ನಿಲ್ಸಿ, ನಡು ಒಂದೂವರಿ ಫೂಟ್ ಬಿಟ್ಟು. ಬ್ಯಾಟನ್ ಅರಿವಿಗಿ ತೀರಾ ಹತ್ತಿದ್ರ ಎರಡು ಬಿಳಿ ಕೋಲು ಕಾಣ್ತಾವ, ಅರಿವಿ ಪೂರಾ ಒಂದೇ ಸಮ ಬೆಳಗಬೇಕು. ಅರಿವಿ ಅರ್ಧ ಬೆಳಕು ನುಂಗ್ತದ. ಆದ್ರೂ 4 ಫೂಟ್ ದೂರದಾಗ 1/50 ಶಟರಿಗಿ ಐಎಸ್‌ಒ 100–200 ಸಾಕಾಗ್ತದ. ಹಳೇ ಹ್ಯಾಲೊಜನ್ ಇದ್ರ ಈ ಅರಿವಿ ಹಿಂದ ಇಡಬ್ಯಾಡ್ರಿ, ಬೆಂಕಿ ಹತ್ತತದ.

ಎತ್ತರ: ಚೌಕಟ್ಟಿನ ನಡುಭಾಗ ನಿಮ್ಮ ಕಣ್ಣಿಗಿಂತ ಒಂದು, ಒಂದೂವರಿ ಫೂಟ್ ಮ್ಯಾಲ. ಮೂಗಿನ ನೆಳ್ಳು ತುಟಿ ಮೂಲಿ ಕಡಿ ಇಳೀಬೇಕು, ತುಟಿಗಿ ಹತ್ತಬಾರದು. ಕಣ್ಣಿನ ಕುಳಿ ಕಪ್ಪಾದ್ರ ಹೆಚ್ಚಾತು, ಇಳಸ್ರಿ. ಕಣ್ಣ ಪಾಪಿನಾಗ ಬಿಳಿ ಚುಕ್ಕಿ ಕಾಣಬೇಕು, ಅದಿಲ್ಲಂದ್ರ ನೋಟ ಸತ್ತಂಗ.

ನಿಮ್ಮ ನೆಲದ್ದೂ ಒಂದು ಪಾಲದ. ಬಿಳಿ ಟೈಲ್ಸ್ ಇದ್ದ ಮನಿಯಾಗ ನೆಲ ಕೆಳಗಿಂದ ಗದ್ದಕ್ಕ ಬೆಳಕು ಎಸೀತದ. ಶಹಾಬಾದಿ ಫರ್ಶಿ ಬೂದಿ ಬಣ್ಣ, ಬೆಳಕು ತಿರುಗಿ ಕೊಡಂಗಿಲ್ಲ. ಅದಕ ಗದ್ದದ ಕೆಳಗ ಕಪ್ಪು ಹೆಚ್ಚು. ಫ್ರೇಮಿನ ಹೊರಗ, ನಿಮ್ಮ ಕಾಲ ಮುಂದ ಬಿಳಿ ಚಾದರ ಹಾಸ್ರಿ, ಇಲ್ಲಾ ಥರ್ಮಾಕೋಲ್ ಹಾಳಿ ಎದಿ ಮಟ್ಟಕ್ಕ ಓರಿ ಇಡ್ರಿ. ಸ್ಟೇಷನರಿ ಅಂಗಡಿ ಥರ್ಮಾಕೋಲೇ ಸಾಕು, ಸಿನಿಮಾದೋರೂ ಅದನ್ನೇ ಹಿಡೀತಾರ.

ಬಿದ್ರಿಹೂಜಿ_ಬೀದರ್

ನಡುವೆ ಬಂದದ್ದಕ್ಕೆ ಕ್ಷಮಿಸಿ. ಬಿದ್ರಿ ಸಾಮಾನು ಕೈಯಲ್ಲಿ ಹಿಡಿದು ವಿವರಿಸುವ ವಿಡಿಯೊಗಳಿಗೆ ಈ ಚೌಕಟ್ಟು ಆಗುತ್ತದೆಯೇ? ಮುಖ ಚೆನ್ನಾಗಿ ಬಂದರೆ ಹೂಜಿಯ ಬೆಳ್ಳಿ ಕೆಲಸ ಕಪ್ಪಾಗುತ್ತದೆ, ಹೂಜಿಗೆ ಲೈಟ್ ಹಾಕಿದರೆ ಸುಟ್ಟ ಚುಕ್ಕೆ ಬೀಳುತ್ತದೆ.

ಫರ್ಶಿ_ಶಹಾಬಾದ್

ಆಗ್ತದ ಅಕ್ಕೋರ, ಆದ್ರ ಲೈಟ್ ಹಾಕೋದಲ್ಲ, ಬೆಳ್ಳಿಗಿ ನೋಡ್ಲಕ ಬಿಳಿ ಏನರ ಕೊಡೋದು. ಬೆಳ್ಳಿ ಕನ್ನಡಿ ಇದ್ದಂಗ, ಎದುರಿಗಿ ಕತ್ತಲಿ ಖೋಲಿ ಇದ್ರ ಅದೂ ಕತ್ತಲಿ ತೋರಸ್ತದ. ಸತುವು-ತಾಮ್ರದ ಮೈ ಹೊಳಪಿಲ್ಲದ ಕಪ್ಪು, ಅದು ಕಪ್ಪಾಗೇ ಉಳೀತದ. ತಟ್ಟಿ, ಡಬ್ಬಿಯಂಥ ಚಪ್ಪಟಿ ಸಾಮಾನು ಇದ್ರ ಫ್ರೇಮಿನ ಹೊರಗ ಥರ್ಮಾಕೋಲ್ ಇಟ್ಟು, ಅದರ ಪ್ರತಿಬಿಂಬ ಬೆಳ್ಳಿ ಎಳಿಯಾಗ ಬೀಳೋ ತನಕ ಸಾಮಾನು ಮೆಲ್ಲಕ ವಾಲಸ್ರಿ. ಹೂಜಿ ದುಂಡು, ಅದು ಅರ್ಧ ಖೋಲಿನೇ ತೋರಸ್ತದ. ಅದಕ ಚೌಕಟ್ಟನ್ನ ಉದ್ದಕ ನಿಲ್ಸಿ ಒಂದು ಮಗ್ಗಲಿಗಿ ಹತ್ತಿರ ತರ್ರಿ, ಮೈಮ್ಯಾಲ ಉದ್ದನ ಮೆದು ಗೆರಿ ಬರ್ತದ, ಚುಕ್ಕಿ ಬರಂಗಿಲ್ಲ. ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಮಾರಿ ಮ್ಯಾಲ ಲಾಕ್ ಇರ್ಲಿ, ಇಲ್ಲಂದ್ರ ಕಪ್ಪು ಸಾಮಾನು ಮುಂದ ಬಂದ ಕೂಡ್ಲೇ ಫೋನು ಎಲ್ಲಾ ಬೆಳ್ಳಗ ಮಾಡ್ತದ. ಕಪ್ಪು ಗಾಢ ಬರ್ಲಿ ಅಂತ ಎಣ್ಣಿ ಸವರಿದ್ರ ಪೂರಾ ಒಣ ಅರಿವಿಲೆ ಒರೆಸಿ ಶೂಟ್ ಮಾಡ್ರಿ.

ಗಣಿತಮಾಸ್ತರ್_ಕಲಬುರಗಿ

ಚೌಕಟ್ಟು ಆತು, ಮಾರಿ ಭಾರಿ ಬಂತು. ಚಷ್ಮಾ ಮತ್ತ ಬೋರ್ಡ್ ಉಳದಾವ. ಪೋಲರೈಸರ್ ಫಿಲ್ಟರ್ ಹಾಕ್ರಿ ಅಂತ ಒಬ್ಬರು ಹೇಳ್ಯಾರ.

ಫರ್ಶಿ_ಶಹಾಬಾದ್

ಪೋಲರೈಸರ್ ಇಲ್ಲಿ ಬ್ಯಾಡ. ಗಾಜು, ಪ್ಲಾಸ್ಟಿಕ್ ಮ್ಯಾಲ ಸುಮಾರು 55 ಡಿಗ್ರಿ ಓರಿಯಾಗಿ ಬಿದ್ದ ಹೊಳಪು ಅದು ಕಡಿಮಿ ಮಾಡ್ತದ. ನೇರ ಎದುರಿನ ಹೊಳಪಿಗಿ ಏನೂ ಮಾಡಂಗಿಲ್ಲ, ಬೆಳಕು ಮಾತ್ರ ಅರ್ಧಕ್ಕಿಂತ ಹೆಚ್ಚು ತಿಂತದ. ಬಿದ್ರಿ ಅಕ್ಕೋರಿಗೂ ಹೇಳ್ತೀನಿ, ಲೋಹದ ಹೊಳಪಿಗಿ ಅದು ಉಪಯೋಗಿಲ್ಲ.

ಬೋರ್ಡನ್ನ 12 ಫೂಟಿನ ಗ್ವಾಡಿಗಿ ಹಚ್ಚರಿ. ಕ್ಯಾಮೆರಾ 8 ಫೂಟ್ ಹಿಂದ. ಕ್ಯಾಮೆರಾದಿಂದ ನೋಡಿದ್ರ ಬೋರ್ಡ್ ಎಡಕ್ಕ, ನೀವು ಅದರ ಬಲ ಅಂಚಿಗಿ, ಚೌಕಟ್ಟು ನಿಮ್ಮಿಂದ ಸುಮಾರು 4 ಫೂಟ್ ಬಲಕ್ಕ, 4 ಫೂಟ್ ಮುಂದ. ಹಿಂಗ ಯಾಕಂದ್ರ ನೀವು ಬೋರ್ಡಿನ ಕಡಿ 15 ಡಿಗ್ರಿ ಹೊಳ್ಳಿದ್ರ ಚಷ್ಮಾದಾಗ 30 ಡಿಗ್ರಿ ಎಡಕ್ಕಿದ್ದದ್ದು ಕಾಣ್ತದ. ಲೈಟ್ ಅಲ್ಲಿದ್ರ ಬಳಿ ವಾಪಸ್ ಬರ್ತದ, ಬಲಕ್ಕಿದ್ರ ಬರಂಗಿಲ್ಲ. ಇಷ್ಟಾದ್ರೂ ಕಂಡ್ರ ಚಷ್ಮಾದ ಕಡ್ಡಿ ಕಿವಿ ಮ್ಯಾಲ ಅರ್ಧ ಸೆಂಟಿಮೀಟರ್ ಎತ್ತರ್ರಿ, ಗಾಜು ಕೆಳಗ ವಾಲ್ತದ.

ದೂರದ ಲೆಕ್ಕ ನಿಮಗ ಹೇಳಬೇಕಾಗಿಲ್ಲ. ಬೆಳಕು ದೂರದ ವರ್ಗಕ್ಕ ಇಳೀತದ. ಲೈಟ್ 3 ಫೂಟಿಗಿಟ್ಟು ನೀವು 5ಕ್ಕ ಸರಿದ್ರ 9/25, ಮೂರನೇ ಒಂದು ಪಾಲು ಚಿಲ್ಲರ. 6 ಫೂಟಿಗಿಟ್ಟು 8ಕ್ಕ ಸರಿದ್ರ 36/64, ಅರ್ಧಕಿಂತ ಹೆಚ್ಚೇ. ಅದಕ ಕೂತು ಮಾತಾಡೋರಿಗಿ ಲೈಟ್ ಹತ್ತಿರ ಛಲೋ, ಬೋರ್ಡಿನ ಮುಂದ ಓಡಾಡೋರಿಗಿ ಜರಾ ದೂರ.

ಬಿಳಿ ಬೋರ್ಡ್ ನಮ್ಮ ಮೈಬಣ್ಣಕಿಂತ ಹಲವು ಪಟ್ಟು ಬೆಳಕು ತಿರುಗಿಸ್ತದ. ಆಟೊದಾಗ ಫೋನು ಬೋರ್ಡ್ ನೋಡಿ ಮಾರಿ ಕಪ್ಪು ಮಾಡೋದು ಅದಕ್ಕೇ. ಚೌಕಟ್ಟಿನ ಎಡ ಅಂಚಿಗಿ ಒಂದೂವರಿ ಫೂಟ್ ಅಗಲದ ಕರಿ ಅರಿವಿ ಇಳಿಬಿಟ್ಟು ಬೋರ್ಡಿಗಿ ಹೋಗೋ ಬೆಳಕು ಅಡ್ಡ ಹಿಡೀರಿ, ಎಕ್ಸ್‌ಪೋಷರ್ ಮಾರಿ ಮ್ಯಾಲ ಲಾಕ್. ನನ್ನ ಕೇಳಿದ್ರ ಬಿಳಿ ಬೋರ್ಡ್ ಬಿಟ್ಟು ಹಸರ ಚಾಕ್ ಬೋರ್ಡ್ ಮಾಡ್ರಿ, ಈ ಜಗಳೇ ಇರಂಗಿಲ್ಲ.

ವೈರ್‌ಮನ್_ಯಾದಗಿರಿ

ಕರೆಂಟ್ ಹೋದ್ರ: ಚೌಕ ಅಲೆಯ ಇನ್ವರ್ಟರ್ ಮ್ಯಾಲ ಕೆಲ ಬ್ಯಾಟನ್ ಹೊಯ್ದಾಡ್ತಾವ, ಫ್ಯಾನ್ ಗುಂಯ್ ಅಂತದ, ಮೈಕಿಗೂ ಬೀಳ್ತದ. ಸೈನ್ ವೇವ್ ಇನ್ವರ್ಟರ್ ಇರ್ಲಿ. ಎನ್‌ಪಿ-ಎಫ್970 ಬ್ಯಾಟರಿ ಹಾಕೋ ಲೈಟ್ ಪ್ಯಾನೆಲ್ ತಗೊಂಡ್ರ ಅದರಾಗ 47 ವ್ಯಾಟ್-ಅವರ್ ಆಸುಪಾಸು, 20 ವ್ಯಾಟ್ ಪ್ಯಾನೆಲ್ ಎರಡು ತಾಸು ನಡೀತದ. 10,000 ಎಂಎಎಚ್ ಪವರ್ ಬ್ಯಾಂಕ್ 37 ವ್ಯಾಟ್-ಅವರ್, ಸೋರಿಕಿ ಕಳದು 10 ವ್ಯಾಟ್ ಲೈಟಿಗಿ ಎರಡೂವರಿ ತಾಸು.

ಬ್ಯಾಸಗಿಯಾಗ 42 ಡಿಗ್ರಿಗಿ ಫ್ಯಾನ್ ಬಂದ್ ಮಾಡಿ ಕೂತ್ರ ಹಣಿ ಹೊಳೀತದ. ಟೇಬಲ್ ಫ್ಯಾನ್ ಬೆನ್ನಿಗಿ, ನೆಲದ ಮ್ಯಾಲ, ಸಣ್ಣ ವೇಗ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗ. ಹಣಿ ಒತ್ತಿ ಒರಸ್ರಿ, ತಿಕ್ಕಬ್ಯಾಡ್ರಿ. ಟಾಲ್ಕಂ ಪೌಡರ್ ನಮ್ಮ ಬಣ್ಣದ ಮ್ಯಾಲ ಬೂದಿಯಂಗ ಕಾಣ್ತದ.

ಗಣಿತಮಾಸ್ತರ್_ಕಲಬುರಗಿ

ಎಲ್ಲಾ ಆತ್ರಿ. ಬೋರ್ಡಿನ ಮ್ಯಾಲಿನ ಬಲ ಮೂಲ್ಯಾಗ ಅಂಗೈ ಅಗಲ ಹೊಳಪು ಇನ್ನೂ ಅದ.

ಫರ್ಶಿ_ಶಹಾಬಾದ್

ಸಣ್ಣ ಕನ್ನಡಿ ಆ ಜಾಗಕ್ಕ ಬೋರ್ಡಿಗಿ ಒತ್ತಿ ಹಿಡೀಲಕ ಯಾರಿಗರ ಹೇಳ್ರಿ, ನೀವು ಕ್ಯಾಮೆರಾದ ಜಾಗದಿಂದ ನೋಡ್ರಿ. ಕನ್ನಡಿಯಾಗ ಏನು ಕಾಣ್ತದೋ ಅದೇ ಕಳ್ಳ. ಚೌಕಟ್ಟಾದ್ರ ಇನ್ನೊಂದು ಫೂಟ್ ಬಲಕ್ಕ ಸರಸ್ರಿ, ಛತ್ತಿನ ಟ್ಯೂಬಾದ್ರ ಆರಸ್ರಿ.

ಗಣಿತಮಾಸ್ತರ್_ಕಲಬುರಗಿ

ಎರಡೂ ಅಲ್ಲ. ಬಾಗಲದ ಮ್ಯಾಲಿನ ಗಾಜಿನಿಂದ ಪಡಸಾಲಿ ಬಲ್ಬ್ ಕಾಣ್ಲತ್ತದ. ಮನ್ಯಾಗ ಮಂದಿ ಇರ್ತಾರ, ಆರಸ್ಲಕ ಆಗಂಗಿಲ್ಲ.

ಫರ್ಶಿ_ಶಹಾಬಾದ್

ಹಂಗಾದ್ರ ಗಾಜಿಗಿ ಕರಿ ಹಾಳಿ ಅಂಟಸ್ರಿ. ಅಂಟಸ್ಲಕ ಆಗಲಿಲ್ಲಂದ್ರ ಬೋರ್ಡಿನ ಮ್ಯಾಲಿನ ಅಂಚಿನ ಹಿಂದ ಒಂದೂವರಿ ಇಂಚಿನ ಕಟ್ಟಿಗಿ ತುಂಡು ಕೊಟ್ಟು ಮುಂದ ವಾಲಸ್ರಿ. 3 ಫೂಟ್ ಎತ್ತರಕ್ಕ ಅದು ಸುಮಾರು ಎರಡೂವರಿ ಡಿಗ್ರಿ, ಪ್ರತಿಬಿಂಬ ಅದರ ಎರಡು ಪಟ್ಟು ಸರೀತದ, 8 ಫೂಟ್ ದೂರದಾಗ 8 ಇಂಚು. ಬಲ್ಬ್ ಬೋರ್ಡಿನಿಂದ ಹೊರಗ ಬೀಳ್ತದ.